ರಾತ್ರಿ ಕುಡಿದದ್ದು ಬೆಳಿಗ್ಗೆ ಎಷ್ಟು ಉಳಿದಿರುತ್ತದೆ?

ಕಳೆದ ತಿಂಗಳು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ರಸ್ತೆ ಸುರಕ್ಷತೆಯ ಬಗ್ಗೆ ಒಂದು ತರಗತಿ ತೆಗೆದುಕೊಂಡೆ. ವಿಷಯ, ಕುಡಿದು ವಾಹನ ಓಡಿಸುವುದು. ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ, ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಸರ್, ನಾವು ಕುಡಿಯೋದೇ ಇಲ್ಲ. ನಮ್ಮನೇಲೂ ಯಾರೂ ಕುಡಿಯಲ್ಲ. ನಮಗ್ಯಾಕೆ ಈ ಪಾಠ?" ಎಂದ. ಕೆಲವರು ನಕ್ಕರು. ನಾನು ನಗಲಿಲ್ಲ, ಏಕೆಂದರೆ ಪ್ರಶ್ನೆ ನ್ಯಾಯವಾಗಿತ್ತು. ಅಷ್ಟರಲ್ಲಿ ಬೇರೆ ಮಾತು ಬಂದು, ಬೆಲ್ ಹೊಡೆದು, ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿದ್ಯಾರ್ಥಿ ಮಿತ್ರರೇ, ಮೊದಲು ನಿಮ್ಮದೇ ವಯಸ್ಸಿನ ಒಬ್ಬನ ಪ್ರಕರಣ ನೋಡಿ. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ 17 ವರ್ಷದ ಹುಡುಗನೊಬ್ಬ ಓಡಿಸುತ್ತಿದ್ದ ಪೋರ್ಷೆ ಕಾರು ಬೈಕಿಗೆ ಗುದ್ದಿತು. ಬೈಕಿನಲ್ಲಿದ್ದ ಇಬ್ಬರು ಯುವ ಸಾಫ್ಟ್‌ವೇರ್ ಎಂಜಿನಿಯರ್‌ಗಳು ಸತ್ತರು. ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಖುಷಿಯಲ್ಲಿ ಗೆಳೆಯರೊಂದಿಗೆ ಪಬ್‌ಗೆ ಹೋಗಿ ಕುಡಿದು ಬರುತ್ತಿದ್ದ ಎಂಬುದು ಪೊಲೀಸರ ಆರೋಪ. ಬಾಲನ್ಯಾಯ ಮಂಡಳಿ ಅವನಿಗೆ ಕೆಲವೇ ಗಂಟೆಗಳಲ್ಲಿ ಜಾಮೀನು ಕೊಟ್ಟಿತು. ಜಾಮೀನಿನ ಷರತ್ತುಗಳಲ್ಲಿ ಒಂದು, ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯುವುದು. ದೇಶವೆಲ್ಲ ಸಿಟ್ಟಾಯಿತು. ನಮ್ಮ ಅರ್ಧವಾರ್ಷಿಕ ಪರೀಕ್ಷೆಯ ಕನ್ನಡ ಪತ್ರಿಕೆಯಲ್ಲೂ ಅದಕ್ಕಿಂತ ಹೆಚ್ಚು ಬರೆಯಬೇಕಾಗುತ್ತದೆ ಎಂದು ನಿಮ್ಮ ಸೀನಿಯರ್‌ಗಳು ಆಗ ಹೇಳಿದ್ದು ನೆನಪಿದೆ.

ಆದರೆ ಆ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಪ್ರಬಂಧವಲ್ಲ, ಬಂಧನವಾದವರ ಪಟ್ಟಿ. ಕಾರು ಕೊಟ್ಟ ತಂದೆ, ಅಪ್ರಾಪ್ತನಿಗೆ ಮದ್ಯ ಕೊಟ್ಟ ಆರೋಪದ ಮೇಲೆ ಪಬ್‌ನವರು, ತಪ್ಪನ್ನು ಮನೆಯ ಡ್ರೈವರ್ ಮೇಲೆ ಹೊರಿಸಲು ಒತ್ತಡ ಹಾಕಿದ ಆರೋಪದ ಮೇಲೆ ತಾತ, ರಕ್ತದ ಮಾದರಿ ಬದಲಾಯಿಸಿದ ಆರೋಪದ ಮೇಲೆ ಆಸ್ಪತ್ರೆಯ ವೈದ್ಯರು ಮತ್ತು ಹುಡುಗನ ತಾಯಿ. ಸ್ಟಿಯರಿಂಗ್ ಹಿಡಿದದ್ದು ಒಬ್ಬ. ಸುತ್ತ ಇದ್ದವರು ಎಷ್ಟು ಜನ ಎಂದು ಎಣಿಸಿ. ಅವರಲ್ಲಿ ಹೆಚ್ಚಿನವರು ಅಂದು ರಾತ್ರಿ ಒಂದು ತೊಟ್ಟೂ ಕುಡಿದಿರಲಿಕ್ಕಿಲ್ಲ.

ನಮ್ಮ ಊರಿನದೂ ಒಂದಿದೆ. 2024ರ ನವೆಂಬರ್ ಆರಂಭದಲ್ಲಿ ಕೆಂಗೇರಿ ಬಳಿ ರಸ್ತೆ ದಾಟುತ್ತಿದ್ದ 30 ವರ್ಷದ ಮಹಿಳೆಯೊಬ್ಬರಿಗೆ ಮರ್ಸಿಡಿಸ್ ಕಾರು ಗುದ್ದಿ ಅವರು ತೀರಿಕೊಂಡರು. ಓಡಿಸುತ್ತಿದ್ದವನಿಗೆ 20 ವರ್ಷ, ಕಾರು ತಂದೆಯದು. ಕುಡಿದಿದ್ದ ಎಂದು ಪೊಲೀಸರು ಬಂಧಿಸಿದರು. ನಮ್ಮ ರಾಜ್ಯದ ಅಬಕಾರಿ ನಿಯಮದ ಪ್ರಕಾರ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಹಾಗಾದರೆ 20ರ ಹುಡುಗನಿಗೆ ಅದು ಸಿಕ್ಕಿದ್ದು ಹೇಗೆ? ಈ ಪ್ರಶ್ನೆಯೂ ಕುಡಿದವನನ್ನು ದಾಟಿ ಬೇರೆಯವರ ಹತ್ತಿರ ಹೋಗುತ್ತದೆ.

ಊದುವ ಯಂತ್ರದ ರಸಾಯನಶಾಸ್ತ್ರ

ಕಮ್ಮನಹಳ್ಳಿ ಮೈನ್ ರೋಡಿನಿಂದ ರಿಂಗ್ ರೋಡ್ ಕಡೆ ಹೋಗುವಾಗ ಶನಿವಾರ ರಾತ್ರಿ ಬ್ಯಾರಿಕೇಡ್ ಹಾಕಿ ಪೊಲೀಸರು ಪೈಪಿಗೆ ಊದಿಸುವುದನ್ನು ನೀವೆಲ್ಲ ನೋಡಿದ್ದೀರಿ. ಆ ಯಂತ್ರದೊಳಗೆ ನಿಮ್ಮ ರಸಾಯನಶಾಸ್ತ್ರ ಪುಸ್ತಕದ ಮೂರು ಅಧ್ಯಾಯಗಳಿವೆ.

ಕುಡಿದ ಎಥನಾಲ್ ಜೀರ್ಣವಾಗಲು ಕಾಯುವುದಿಲ್ಲ. ಹೊಟ್ಟೆ ಮತ್ತು ಸಣ್ಣ ಕರುಳಿನಿಂದ ನೇರ ರಕ್ತಕ್ಕೆ ಸೇರುತ್ತದೆ. ರಕ್ತ ಶ್ವಾಸಕೋಶಕ್ಕೆ ಬಂದಾಗ ಅದರ ಒಂದು ಸಣ್ಣ ಪಾಲು ಅಲ್ಲಿನ ಗಾಳಿಗೆ ಹಾರುತ್ತದೆ. ದ್ರವದಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ಅದರ ಮೇಲಿನ ಗಾಳಿಯಲ್ಲೂ ಇರುತ್ತದೆ ಎಂಬ ಹೆನ್ರಿಯ ನಿಯಮವನ್ನು ದ್ರಾವಣಗಳ ಪಾಠದಲ್ಲಿ ಓದಿದ್ದೀರಲ್ಲ, ಇದು ಅದೇ. ಸಾಮಾನ್ಯವಾಗಿ ಬಳಸುವ ಅನುಪಾತ 2100:1. ಅಂದರೆ 2100 ಮಿ.ಲೀ. ಉಸಿರಿನಲ್ಲಿ ಇರುವಷ್ಟು ಮದ್ಯಸಾರ 1 ಮಿ.ಲೀ. ರಕ್ತದಲ್ಲಿ ಇರುತ್ತದೆ. ಹೀಗಾಗಿ ಸೂಜಿ ಚುಚ್ಚದೆ ಉಸಿರಿನಿಂದಲೇ ರಕ್ತದ ಲೆಕ್ಕ ಸಿಗುತ್ತದೆ.

ಹಳೆಯ ಕಾಲದ ಉಪಕರಣಗಳಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಇರುತ್ತಿತ್ತು. ಮದ್ಯಸಾರ ತಾಗಿದರೆ ಅದರ ಕಿತ್ತಳೆ ಬಣ್ಣ ಹಸಿರಾಗುತ್ತದೆ. ಲ್ಯಾಬಿನಲ್ಲಿ ನೀವೇ ಮಾಡಿ ನೋಡುವ ಉತ್ಕರ್ಷಣ ಇದು. ಅಮೆರಿಕದ ಇಂಡಿಯಾನಾದಲ್ಲಿ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ಮಾಡಿದ ಬ್ರೆಥಲೈಸರ್ ಕೆಲಸ ಮಾಡಿದ್ದು ಇದೇ ತತ್ವದ ಮೇಲೆ. ಈಗ ಪೊಲೀಸರ ಕೈಯಲ್ಲಿ ಸಾಮಾನ್ಯವಾಗಿ ಕಾಣುವ ಯಂತ್ರಗಳಲ್ಲಿ ಫ್ಯೂಯೆಲ್ ಸೆಲ್ ಇರುತ್ತದೆ. ಎಥನಾಲ್ ಅಲ್ಲಿ ಅಸಿಟಿಕ್ ಆಮ್ಲವಾಗಿ ಬದಲಾಗುವಾಗ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ, ಪ್ರವಾಹದ ಪ್ರಮಾಣವೇ ಪರದೆಯ ಮೇಲಿನ ಅಂಕಿ. ಎಲೆಕ್ಟ್ರೋಕೆಮಿಸ್ಟ್ರಿ ಯಾಕೆ ಓದಬೇಕು ಎಂದು ಕೇಳುವವರು ಗಮನಿಸಿ.

ಆದ್ದರಿಂದ ಏಲಕ್ಕಿ, ಪಾನ್, ಗುಟ್ಕಾ, ಚೂಯಿಂಗ್ ಗಮ್ ಯಾವುದೂ ಇಲ್ಲಿ ನಡೆಯುವುದಿಲ್ಲ. ಯಂತ್ರ ವಾಸನೆ ನೋಡುವುದಿಲ್ಲ, ಎಥನಾಲ್ ಅಳೆಯುತ್ತದೆ. ಒಂದು ಮಾತು ಮಾತ್ರ ನ್ಯಾಯಕ್ಕಾಗಿ ಹೇಳಬೇಕು. ಆಗತಾನೇ ಮೌತ್‌ವಾಶ್ ಬಳಸಿದವರ ಅಥವಾ ಹೋಮಿಯೋಪತಿಯ ಹನಿ ಔಷಧಿ ತೆಗೆದುಕೊಂಡವರ ಬಾಯಲ್ಲಿ ಸ್ವಲ್ಪ ಮದ್ಯಸಾರ ಉಳಿದು ಯಂತ್ರ ತಪ್ಪು ತೋರಿಸಬಹುದು. ಅದು ಹದಿನೈದು ನಿಮಿಷದಲ್ಲಿ ಹೋಗುತ್ತದೆ. ಅಂಥವರು ಜಗಳಕ್ಕೆ ನಿಲ್ಲದೆ, ವಿಷಯ ತಿಳಿಸಿ, ಸ್ವಲ್ಪ ಹೊತ್ತಿನ ನಂತರ ಇನ್ನೊಮ್ಮೆ ಊದಲು ಅವಕಾಶ ಕೇಳಬೇಕು.

ಈಗ ಮೂರನೇ ಅಧ್ಯಾಯ. ನಿಜವಾದ ಪಾಠ ಇರುವುದು ಇಲ್ಲಿ.

ರಕ್ತದಲ್ಲಿನ ಮದ್ಯಸಾರವನ್ನು ಮುಖ್ಯವಾಗಿ ಕರಗಿಸುವುದು ಯಕೃತ್ತು. ಅದರಲ್ಲಿರುವ ಕಿಣ್ವಕ್ಕೆ ಒಂದು ಮಿತಿ ಇದೆ. ಎಷ್ಟೇ ಕುಡಿದಿರಲಿ, ಗಂಟೆಗೆ ಹೆಚ್ಚುಕಡಿಮೆ ಒಂದೇ ಪ್ರಮಾಣವನ್ನು ಅದು ಕರಗಿಸುತ್ತದೆ. ಸಾಂದ್ರತೆ ಹೆಚ್ಚಿದ ಮಾತ್ರಕ್ಕೆ ವೇಗ ಹೆಚ್ಚುವುದಿಲ್ಲ. ಝೀರೋ ಆರ್ಡರ್ ರಿಯಾಕ್ಷನ್‌ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸರಾಸರಿ ದರ, 100 ಮಿ.ಲೀ. ರಕ್ತಕ್ಕೆ ಗಂಟೆಗೆ 15 ಮಿ.ಗ್ರಾಂ. ಕೆಲವರಲ್ಲಿ 10, ಕೆಲವರಲ್ಲಿ 20. ಕಾಫಿ ಕುಡಿದರೂ, ನಿಂಬೆಹಣ್ಣು ಹಿಂಡಿಕೊಂಡರೂ, ತಣ್ಣೀರು ಸ್ನಾನ ಮಾಡಿದರೂ ಈ ದರ ಬದಲಾಗುವುದಿಲ್ಲ.

ಲೆಕ್ಕ ಮಾಡೋಣ. ಒಬ್ಬ ಚಾಲಕ, ತೂಕ 60 ಕೆ.ಜಿ. ಕೆಲಸ ಮುಗಿಸಿ ರಾತ್ರಿ ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ವಿಸ್ಕಿ ಕುಡಿದ. ನಮ್ಮಲ್ಲಿ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಮದ್ಯಸಾರ. 180ರಲ್ಲಿ ಅದು 77 ಮಿ.ಲೀ. ಎಥನಾಲಿನ ಸಾಂದ್ರತೆ 0.789, ಹಾಗಾಗಿ ತೂಕ ಸುಮಾರು 61 ಗ್ರಾಂ. ಗಂಡಸರ ದೇಹದಲ್ಲಿ ಇದು ಹರಡುವುದು ದೇಹತೂಕದ ಸುಮಾರು 0.68 ಭಾಗದಲ್ಲಿ, ಅಂದರೆ 41 ಕೆ.ಜಿ.ಯಲ್ಲಿ. ಭಾಗಿಸಿದರೆ 100 ಮಿ.ಲೀ.ಗೆ ಹತ್ತಿರ ಹತ್ತಿರ 150 ಮಿ.ಗ್ರಾಂ. ರಾತ್ರಿ ಹನ್ನೆರಡಕ್ಕೆ ಇಷ್ಟಿತ್ತು ಎಂದುಕೊಳ್ಳಿ. ಬೆಳಿಗ್ಗೆ ಏಳಕ್ಕೆ ಎಷ್ಟು? ಏಳು ಗಂಟೆಗೆ 105 ಕಳೆಯಿತು, ಉಳಿದದ್ದು 45.

ಕಾನೂನಿನ ಮಿತಿ 30.

ಆ ಮನುಷ್ಯ ಆರು ಗಂಟೆ ನಿದ್ದೆ ಮಾಡಿ ಎದ್ದಿದ್ದಾನೆ. ಹಲ್ಲುಜ್ಜಿ, ಚಹಾ ಕುಡಿದು, ತಾನು ಸರಿಯಾಗಿದ್ದೇನೆ ಎಂದು ಪ್ರಾಮಾಣಿಕವಾಗಿ ನಂಬಿದ್ದಾನೆ. ಆದರೂ ಎಂಟು ಗಂಟೆಯವರೆಗೆ ಅವನು ಕಾನೂನಿನ ಕಣ್ಣಲ್ಲಿ ಕುಡಿದ ಚಾಲಕ, ಹತ್ತು ಗಂಟೆಯವರೆಗೆ ಅವನ ರಕ್ತದಲ್ಲಿ ಮದ್ಯಸಾರ ಇದೆ. ಬೆಂಗಳೂರು ಸಂಚಾರ ಪೊಲೀಸರು 2024ರಲ್ಲಿ ಹಲವು ಬಾರಿ ಬೆಳಿಗ್ಗೆ ಶಾಲಾ ವಾಹನಗಳನ್ನು ನಿಲ್ಲಿಸಿ ಚಾಲಕರನ್ನು ಪರೀಕ್ಷಿಸಿದರು. ಕೆಲವರು ಸಿಕ್ಕಿಬಿದ್ದ ಸುದ್ದಿ ಬಂದಾಗ, ಬೆಳಿಗ್ಗೆ ಏಳು ಗಂಟೆಗೆ ಯಾರು ಕುಡಿಯುತ್ತಾರೆ ಎಂದು ಜನ ಆಶ್ಚರ್ಯಪಟ್ಟರು. ಬೆಳಿಗ್ಗೆ ಕುಡಿಯಬೇಕಾಗಿಯೇ ಇಲ್ಲ ಎಂದು ಮೇಲಿನ ಲೆಕ್ಕ ಹೇಳುತ್ತದೆ.

"ಒಂದೇ ಬಿಯರ್" ಎನ್ನುವವರಿಗೂ ಲೆಕ್ಕ ಇದೆ. 650 ಮಿ.ಲೀ. ಬಾಟಲಿ, ಶೇ. 7ರ ಸ್ಟ್ರಾಂಗ್ ಬಿಯರ್, ಅದೇ 60 ಕೆ.ಜಿ. ಮನುಷ್ಯ. ಉತ್ತರ ಸುಮಾರು 88 ಬರುತ್ತದೆ, ಮಿತಿಯ ಮೂರುಪಟ್ಟಿಗೆ ಹತ್ತಿರ. ನೀವೇ ಮಾಡಿ ನೋಡಿ.

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 185 ಇದರ ಮುಖ್ಯ ಕಲಂ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಸಾರ ಇದ್ದರೆ ಅಪರಾಧ. ಇಂಗ್ಲೆಂಡಿನಲ್ಲಿ 1967ರಿಂದ ಈ ಮಿತಿ 80 ಇದೆ, ಆ ಲೆಕ್ಕದಲ್ಲಿ ನಮ್ಮ ಕಾನೂನು ಬಿಗಿಯಾದದ್ದು. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂ.ವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು, 15,000 ರೂ. ದಂಡ. 2019ರ ತಿದ್ದುಪಡಿಗೆ ಮುಂಚೆ ಮೊದಲ ಸಲದ ದಂಡ 2,000 ರೂ. ಇತ್ತು. ಶಿಕ್ಷೆಯಾದರೆ ಕನಿಷ್ಠ 6 ತಿಂಗಳು ಲೈಸೆನ್ಸ್ ಅನರ್ಹಗೊಳಿಸಬೇಕೆಂದು ಸೆಕ್ಷನ್ 20 ಹೇಳುತ್ತದೆ. ಆಟೋ, ಕ್ಯಾಬ್ ಓಡಿಸುವ ಮನೆಗೆ 10,000ಕ್ಕಿಂತ ದೊಡ್ಡ ಪೆಟ್ಟು ಈ ಆರು ತಿಂಗಳು.

ಇದೇ ಸೆಕ್ಷನ್ 185ರಲ್ಲಿ ಮದ್ಯದ ಜೊತೆ ಮಾದಕ ಪದಾರ್ಥವೂ ಸೇರಿದೆ. ನಾವು ಕುಡಿಯುವುದಿಲ್ಲ ಎಂದು ಹೇಳುತ್ತಾ ಮಾತ್ರೆ, ಸಿರಪ್, ಗಾಂಜಾದ ಕಡೆ ಹೋದವರ ವಿಷಯ ನಮ್ಮ ಮೊಹಲ್ಲಾಗಳಲ್ಲಿ ಯಾರಿಗೂ ಗೊತ್ತಿಲ್ಲದ್ದೇನಲ್ಲ. ವಾಹನದ ಮೇಲೆ ಹಿಡಿತ ತಪ್ಪುವಷ್ಟು ಅಮಲಿನಲ್ಲಿದ್ದರೆ ಅವರಿಗೂ ಅದೇ ಕಲಂ, ಅದೇ ಶಿಕ್ಷೆ.

ಇನ್ನು ಹಿಂದೆ ಕೂತವರ ವಿಷಯ. ಸೆಕ್ಷನ್ 188 ಚಿಕ್ಕದು, ಪತ್ರಿಕೆಗಳಲ್ಲಿ ಹೆಚ್ಚು ಕಾಣುವುದಿಲ್ಲ. 185ರ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ ಎಂದು ಅದು ಹೇಳುತ್ತದೆ. ಕುಡಿದವನ ಕೈಗೆ ಗೊತ್ತಿದ್ದೂ ಕೀ ಕೊಟ್ಟು "ಏನಾಗಲ್ಲ, ನಡಿ ಭಾಯ್" ಎಂದು ಹುರಿದುಂಬಿಸುವವನು ಈ ಕಲಂ ಓದಿಕೊಳ್ಳುವುದು ಒಳ್ಳೆಯದು. ಮತ್ತು ಸೆಕ್ಷನ್ 199ಎ, 2019ರಲ್ಲಿ ಸೇರಿದ್ದು. 18 ತುಂಬದವರು ವಾಹನದಲ್ಲಿ ಅಪರಾಧ ಮಾಡಿದರೆ ಪೋಷಕರು ಅಥವಾ ವಾಹನದ ಮಾಲೀಕರು ತಪ್ಪಿತಸ್ಥರು ಎಂದೇ ಕಾನೂನು ಭಾವಿಸುತ್ತದೆ. 3 ವರ್ಷದವರೆಗೆ ಜೈಲು, 25,000 ರೂ. ದಂಡ, ಒಂದು ವರ್ಷ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಇದಕ್ಕೆ ಕುಡಿದಿರಲೇಬೇಕು ಎಂದೇನಿಲ್ಲ. ಅಬ್ಬಾ ಅವರ ಸ್ಕೂಟರ್ ತೆಗೆದುಕೊಂಡು ಕಾಲೇಜಿಗೆ ಬಂದು, ಎರಡು ಬೀದಿ ಆಚೆ ನಿಲ್ಲಿಸಿ, ನಡೆದು ಬರುವ ಪ್ರಥಮ ಪಿಯುಸಿಯವರಿಗೆ ಇದು ಸಂಬಂಧಿಸಿದ್ದು. ಎಲ್ಲಿ ನಿಲ್ಲಿಸುತ್ತೀರಿ ಎಂಬುದು ನಮಗೆ ಗೊತ್ತು.

ಕುಡಿದು ಓಡಿಸಿ ಒಬ್ಬರು ಸತ್ತರೆ ವಿಷಯ 185ರಲ್ಲೇ ನಿಲ್ಲುವುದಿಲ್ಲ. 2006ರ ನವೆಂಬರ್ 12ರ ನಸುಕಿನಲ್ಲಿ ಮುಂಬೈ ಬಾಂದ್ರಾದ ಕಾರ್ಟರ್ ರೋಡಿನಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿ ಕಾರ್ಮಿಕರ ಮೇಲೆ ಕಾರು ಹರಿದು 7 ಮಂದಿ ಸತ್ತರು. ಕೆಳಗಿನ ಕೋರ್ಟು ನಿರ್ಲಕ್ಷ್ಯದ ಸಾವು ಎಂದು 6 ತಿಂಗಳು ಶಿಕ್ಷೆ ಕೊಟ್ಟಿತು. ಹೈಕೋರ್ಟು ಅದನ್ನು ಕೊಲೆಯಲ್ಲದ ದಂಡನೀಯ ನರಹತ್ಯೆ ಎಂದು ಎಣಿಸಿ 3 ವರ್ಷಕ್ಕೆ ಏರಿಸಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಲಿಸ್ಟರ್ ಅಂತೋನಿ ಪರೇರಾ ಪ್ರಕರಣ ಎಂದು ಕಾನೂನು ಓದುವವರು ಇದನ್ನು ಇಂದಿಗೂ ಓದುತ್ತಾರೆ. ಅದರ ತಿರುಳು ಇಷ್ಟು: ಸಾಯಿಸುವ ಉದ್ದೇಶ ಇಲ್ಲದಿರಬಹುದು, ಆದರೆ ಕುಡಿದು ಜೋರಾಗಿ ಓಡಿಸಿದರೆ ಜನ ಸಾಯಬಹುದೆಂಬ ಅರಿವು ಇರುತ್ತದೆ, ಆ ಅರಿವೇ ಸಾಕು.

ಪೊಲೀಸರ ಬಿಗಿ ಬೇಕೇ?

ತರಗತಿಯಲ್ಲಿ ಹೆಚ್ಚು ವಾದ ನಡೆದದ್ದು ಈ ವಿಷಯಕ್ಕೆ. ಪೊಲೀಸರು ದುಡ್ಡಿಗೋಸ್ಕರ ನಿಲ್ಲಿಸುತ್ತಾರೆ ಎಂದು ಮೂವರು ಹೇಳಿದರು. ಇದಕ್ಕೆ ಉತ್ತರ ಕಾನೂನಿನಲ್ಲೇ ಇದೆ. ಹೆಲ್ಮೆಟ್, ಸಿಗ್ನಲ್ ದಂಡದಂತೆ ಇದನ್ನು ರಸ್ತೆಯಲ್ಲಿ ಕಟ್ಟಿ ಮುಗಿಸಲು ಬರುವುದಿಲ್ಲ. 185ರ ಪ್ರಕರಣ ಕೋರ್ಟಿಗೇ ಹೋಗಬೇಕು. ಸ್ಥಳದಲ್ಲಿ ಯಾರಾದರೂ ನಗದು ಕೇಳಿದರೆ ಅವರು ಕಾನೂನು ಮುರಿಯುತ್ತಿದ್ದಾರೆ, ಕೊಡುವವರೂ ಮುರಿಯುತ್ತಿದ್ದಾರೆ. ಪರೀಕ್ಷಿಸುವವರು ಸಮವಸ್ತ್ರದಲ್ಲಿ ಇರಬೇಕು. 185ರಲ್ಲಿ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡಬೇಕು ಎಂದು ಸೆಕ್ಷನ್ 202 ಹೇಳುತ್ತದೆ. ಹೀಗೆ ಬಿಗಿ ಎರಡೂ ಕಡೆಗೆ ಇದೆ.

2024ರ ಡಿಸೆಂಬರ್ 31ರ ರಾತ್ರಿ ಬೆಂಗಳೂರಿನಲ್ಲಿ ಸುಮಾರು 28 ಸಾವಿರ ವಾಹನಗಳನ್ನು ತಪಾಸಣೆ ಮಾಡಿ 513 ಪ್ರಕರಣ ದಾಖಲಿಸಿದರು. ಭಾಗಿಸಿ ನೋಡಿ, 55 ವಾಹನಕ್ಕೆ ಒಂದು. ಊರೆಲ್ಲ ಪೊಲೀಸರಿದ್ದಾರೆ, ಫ್ಲೈಓವರ್‌ಗಳು ಮುಚ್ಚಿವೆ ಎಂದು ಎಲ್ಲರಿಗೂ ಗೊತ್ತಿದ್ದ ರಾತ್ರಿಯ ಲೆಕ್ಕ ಇದು. ಯಾರೂ ನಿಲ್ಲಿಸದ ಸಾಧಾರಣ ಮಂಗಳವಾರದ ರಾತ್ರಿ ಎಷ್ಟಿರಬಹುದು?

ನನ್ನ ಅಭಿಪ್ರಾಯ ಕೇಳಿದರೆ, ದಂಡ ಎರಡರಿಂದ ಹತ್ತು ಸಾವಿರ ಆದದ್ದಕ್ಕಿಂತ ಬ್ಯಾರಿಕೇಡ್ ಪದೇಪದೇ ಕಾಣುವುದು ಮುಖ್ಯ. ಸಿಕ್ಕಿಬೀಳುವುದು ಖಚಿತ ಎಂದಾದರೆ ಸಣ್ಣ ಶಿಕ್ಷೆಗೂ ಜನ ಹೆದರುತ್ತಾರೆ. ಸಿಕ್ಕಿಬೀಳುವುದಿಲ್ಲ ಎಂದಾದರೆ ದೊಡ್ಡ ಶಿಕ್ಷೆಗೂ ಹೆದರುವುದಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1982ರ ಡಿಸೆಂಬರಿನಿಂದ ಯಾವ ಚಾಲಕನನ್ನು ಬೇಕಾದರೂ, ಯಾವಾಗ ಬೇಕಾದರೂ ನಿಲ್ಲಿಸಿ ಊದಿಸಲು ಶುರು ಮಾಡಿದರು. ಮರುವರ್ಷವೇ ರಸ್ತೆ ಸಾವು ಸುಮಾರು ಐದನೇ ಒಂದು ಭಾಗದಷ್ಟು ಇಳಿಯಿತು.

ಈಗ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಬರುತ್ತೇನೆ. "ಹೆಣ್ಣೂರು ಕಡೆ ಹೋಗ್ಬೇಡಿ, ಚೆಕಿಂಗ್ ಇದೆ" ಎಂಬ ಮೆಸೇಜ್ ಫಾರ್ವರ್ಡ್ ಆಗುತ್ತಲೇ ಇರುತ್ತದೆ. ಹೆಲ್ಮೆಟ್ ಇಲ್ಲದ ಗೆಳೆಯನಿಗೆ ಉಪಕಾರವಾಗಲಿ ಎಂದು ಕಳಿಸುತ್ತೀರಿ. ಅದನ್ನು ಓದಿ ಒಳದಾರಿ ಹಿಡಿಯುವವರಲ್ಲಿ ಕುಡಿದವನೂ ಇರುತ್ತಾನೆ, ಒಳದಾರಿ ಎಂದರೆ ನಮ್ಮ ಮನೆಗಳ ಮುಂದಿನ ಬೀದಿ.

ದೀನಿನ ಕಡೆಯಿಂದ

ಮದ್ಯ ಹರಾಮ್ ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಅದು ಹೇಗೆ ನಿಷೇಧವಾಯಿತು ಎಂಬುದನ್ನು ನೆನಪಿಸುತ್ತೇನೆ. ಒಂದೇ ದಿನದಲ್ಲಿ ಆಗಲಿಲ್ಲ. ಅಲ್ ಬಕರಾ 219ರಲ್ಲಿ ಅದರ ಲಾಭಕ್ಕಿಂತ ಕೇಡು ದೊಡ್ಡದೆಂಬ ಎಚ್ಚರಿಕೆ ಬಂತು. ಅನ್ನಿಸಾ 43ರಲ್ಲಿ ಅಮಲಿನಲ್ಲಿ ನಮಾಝ್‌ಗೆ ನಿಲ್ಲಬಾರದೆಂದು ಬಂತು. ಕೊನೆಗೆ ಅಲ್ ಮಾಇದಾ 90ರಲ್ಲಿ ಪೂರ್ತಿ ನಿಷೇಧ. ನಡುವಿನ ಹಂತವನ್ನು ಗಮನಿಸಿ. ತಾನು ಏನು ಹೇಳುತ್ತಿದ್ದೇನೆ ಎಂಬ ಅರಿವಿಲ್ಲದವನು ನಿಂತಲ್ಲೇ ನಿಂತು ಮಾಡುವ ನಮಾಝ್‌ಗೂ ತಕ್ಕವನಲ್ಲ ಎಂದ ಮೇಲೆ, ಒಂದು ಟನ್ ತೂಕದ ಕಾರಿಗೆ ಹೇಗೆ ತಕ್ಕವನಾದಾನು? ಶರೀಅತ್ ಕಾಪಾಡುವ ಐದು ಸಂಗತಿಗಳೆಂದು ವಿದ್ವಾಂಸರು ಹೇಳುವುದರಲ್ಲಿ ಪ್ರಾಣವೂ ಇದೆ, ಬುದ್ಧಿಯೂ ಇದೆ. ಕುಡಿದು ಓಡಿಸುವವನು ತನ್ನ ಬುದ್ಧಿಯನ್ನು ಕಳೆದುಕೊಂಡು ಇನ್ನೊಬ್ಬರ ಪ್ರಾಣದ ಮೇಲೆ ಹೋಗುತ್ತಾನೆ.

ಉದ್ದೇಶ ಇರಲಿಲ್ಲ ಎಂಬ ಮಾತಿಗೂ ಅಲ್ಲಿ ಪೂರ್ತಿ ಬಿಡುಗಡೆ ಇಲ್ಲ. ತಪ್ಪಿ ಆದ ಸಾವಿಗೂ ಮೃತರ ಮನೆಯವರಿಗೆ ದಿಯತ್, ಅದರ ಮೇಲೆ ಕಫ್ಫಾರಾ ಎಂದು ಅನ್ನಿಸಾ 92 ವಿಧಿಸುತ್ತದೆ. ಗುಲಾಮನ ವಿಮೋಚನೆ ಸಾಧ್ಯವಾಗದವನಿಗೆ ಎರಡು ತಿಂಗಳು ಸತತ ಉಪವಾಸ.

ಹಾಗಾದರೆ ಕುಡಿಯದವರಿಗೆ ಏನು? ಅನಸ್(ರ) ಅವರಿಂದ ವರದಿಯಾಗಿ ತಿರ್ಮಿದಿಯಲ್ಲಿರುವ ಒಂದು ಹದೀಸ್ ಇದೆ. ಮದ್ಯದ ವಿಷಯದಲ್ಲಿ ಪ್ರವಾದಿ(ಸ) ಶಪಿಸಿದ್ದು ಹತ್ತು ಮಂದಿಯನ್ನು. ಅದರಲ್ಲಿ ಕುಡಿಯುವವನು ಒಬ್ಬ ಮಾತ್ರ. ಹಿಂಡುವವನು, ಹಿಂಡಿಸುವವನು, ಹೊರುವವನು, ಬಡಿಸುವವನು, ಮಾರುವವನು, ಅದರ ಹಣ ತಿನ್ನುವವನು, ಹೀಗೆ ಉಳಿದವರೆಲ್ಲ ಅವನ ಸುತ್ತ ಇರುವವರು. ಪುಣೆಯಲ್ಲಿ ಬಂಧಿತರಾದವರ ಪಟ್ಟಿಯನ್ನು ಓದುವಾಗ ನನಗೆ ಈ ಹದೀಸ್ ನೆನಪಾಗಿತ್ತು.

ಆ ಹುಡುಗನ ವಿಷಯ

ತರಗತಿಯಾದ ಎರಡು ದಿನಕ್ಕೆ, ಪ್ರಶ್ನೆ ಕೇಳಿದ ಆ ಹುಡುಗ ಸ್ಟಾಫ್ ರೂಮಿನ ಹೊರಗೆ ಕಾಯುತ್ತಿದ್ದ. ಅವನ ತಂಗಿ ನಾಲ್ಕನೇ ತರಗತಿ. ವ್ಯಾನಿನಲ್ಲಿ ಶಾಲೆಗೆ ಹೋಗುತ್ತಾಳೆ. "ವ್ಯಾನ್ ಅಂಕಲ್ ದಿನಾ ಬೆಳಿಗ್ಗೆ ಬಾಯಿ ತುಂಬ ಏಲಕ್ಕಿ ಹಾಕ್ಕೊಂಡಿರ್ತಾರೆ ಅಂತ ತಂಗಿ ನಗ್ತಾ ಹೇಳ್ತಿದ್ಲು ಸರ್. ನಾನೂ ನಗ್ತಿದ್ದೆ," ಎಂದ. ಅಷ್ಟು ಹೇಳಿ ಸುಮ್ಮನಾದ. ಅವನ ಕಷ್ಟ ಬೇರೆಯೇ ಇತ್ತು. ದೂರು ಕೊಟ್ಟರೆ ಅವರ ಕೆಲಸ ಹೋಗುತ್ತದೆ, ಅವರಿಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಬರೀ ಏಲಕ್ಕಿಯ ಮೇಲೆ ಒಬ್ಬರನ್ನು ಕುಡುಕ ಎನ್ನಬಹುದೇ?

ಅನ್ನಲಾಗದು. ಸಂಶಯದ ಮೇಲೆ ಹೆಸರು ಕೆಡಿಸುವುದು ನಮ್ಮಲ್ಲಿ ಸಣ್ಣ ಪಾಪವಲ್ಲ. ಆದರೆ ಸಂಶಯ ಇದ್ದೂ ಹದಿನಾಲ್ಕು ಮಕ್ಕಳನ್ನು ಅದೇ ವ್ಯಾನಿಗೆ ಹತ್ತಿಸುವುದೂ ಆಗದು. ಮೊದಲು ಅಬ್ಬಾ ಅವರಿಗೆ ಹೇಳು, ಬೇರೆ ಪೋಷಕರನ್ನೂ ಕರೆದುಕೊಂಡು ವ್ಯಾನಿನ ಮಾಲೀಕರ ಹತ್ತಿರ ಹೋಗಲಿ, ಪರೀಕ್ಷೆ ಮಾಡಿಸಿ ಎಂದು ಕೇಳಲಿ, ಕಣ್ಣೆದುರೇ ತೂರಾಡಿದರೆ ಮಾತ್ರ ಯಾರನ್ನೂ ಕಾಯದೆ 112ಕ್ಕೆ ಫೋನ್ ಮಾಡು ಎಂದೆ.

ಅವನ ತಂದೆ ಇನ್ನಿಬ್ಬರ ಜೊತೆ ಹೋದರಂತೆ. ಮಾಲೀಕರು ಮೊದಲು ಸಿಟ್ಟಾದರು, ಆಮೇಲೆ ಒಂದು ವಾರ ತಾವೇ ವ್ಯಾನ್ ಓಡಿಸಿದರು. ಈಗ ಆ ಚಾಲಕರಿಗೆ ಮಧ್ಯಾಹ್ನದ ಟ್ರಿಪ್ ಮಾತ್ರ ಕೊಟ್ಟಿದ್ದಾರೆ. ಇಷ್ಟು ಸಾಕಾ ಸರ್ ಎಂದು ಮೊನ್ನೆ ಬಂದು ಕೇಳಿದ. ಲೆಕ್ಕ ಗೊತ್ತಿದೆಯಲ್ಲ, ಮಾಡಿ ನೋಡು ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ರಾತ್ರಿ ಎಷ್ಟು ಕುಡೀತಾರೆ ಅಂತ ಗೊತ್ತಿಲ್ದೆ ಹೇಗೆ ಮಾಡೋದು ಸರ್?" ಎಂದ.